ಗಾಮಾ ಸ್ಫೋಟ, ಪುಟ್ಟ ಉಪಗ್ರಹ: ಇವತ್ತು ಸಂಜೆ ಕೇಳಿ

ಎಕ್ಸ್-ರೇ ಡಿಟೆಕ್ಟರ್ ಮಾಡುವುದು ನನ್ನ ಕೆಲಸ. ಹಾಸನದವಳೇ, ರಜೆಗೆ ಊರಿಗೆ ಬಂದಿದ್ದೇನೆ. ಗಾಮಾ ಕಿರಣ ಸ್ಫೋಟಗಳ ಎಕ್ಸ್-ರೇ ಧ್ರುವೀಕರಣ ಅಳೆಯುವ ಪುಟ್ಟ ಉಪಗ್ರಹಗಳ ಬಗ್ಗೆ ಏನು ಬೇಕಾದರೂ ಕೇಳಿ. ಗಾಮಾ ಸ್ಫೋಟ ಅಂದರೆ ದೂರದ ಆಕಾಶದಿಂದ ಸ್ವಲ್ಪ ಹೊತ್ತು ಬಂದು ಹೋಗುವ ಗಾಮಾ ಕಿರಣಗಳ ಭಾರಿ ಹೊಳಪು. ಧ್ರುವೀಕರಣ ಅಂದರೆ ಕಿರಣದ ವಿದ್ಯುತ್ ಕ್ಷೇತ್ರ ಎಷ್ಟರ ಮಟ್ಟಿಗೆ ಒಂದೇ ದಿಕ್ಕಿನ ಗುಂಟ ಕಂಪಿಸುತ್ತದೆ ಅನ್ನುವುದು.

ಅರಸೀಕೆರೆ ಮೇಷ್ಟ್ರು: ನಮಸ್ಕಾರ ಮೇಡಂ. ಎಕ್ಸ್-ರೇ ಧ್ರುವೀಕರಣ ನೋಡೋಕೆ ಇಸ್ರೋ ಹಾರಿಸಿದ ನಮ್ಮ ಎಕ್ಸ್‌ಪೋಸ್ಯಾಟ್ ಇದೆ, ನಾಸಾದ ಐಎಕ್ಸ್‌ಪಿಇ ಇದೆ. ಮತ್ತೆ ಶೂ ಡಬ್ಬದಷ್ಟು ಉಪಗ್ರಹ ಯಾಕೆ?

ಉತ್ತರ: ನಮಸ್ಕಾರ ಮೇಷ್ಟ್ರೇ. ದೊಡ್ಡವು ಒಂದು ಸಲಕ್ಕೆ ಆಕಾಶದ ಚಿಕ್ಕ ತುಂಡನ್ನಷ್ಟೇ ನೋಡುತ್ತವೆ. ಸ್ಫೋಟ ಯಾವ ಕಡೆಯಿಂದ ಬರುತ್ತದೋ ಗೊತ್ತಿರುವುದಿಲ್ಲ, ಎಷ್ಟೋ ಸಲ ಕೆಲವೇ ಸೆಕೆಂಡಿನಲ್ಲಿ ಮುಗಿದೂ ಹೋಗುತ್ತದೆ. 2022ರ ಅಕ್ಟೋಬರ್ 9ರ ಭಾರಿ ಸ್ಫೋಟದ ಕಡೆ ಐಎಕ್ಸ್‌ಪಿಇ ತಿರುಗುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಆಗ ನೇರವಾಗಿ ಕಾಣಲು ಉಳಿದಿದ್ದು ಸ್ಫೋಟದ ನಂತರದ ಮಂದ ಹೊಳಪು ಮಾತ್ರ. ಪುಟ್ಟದಕ್ಕೆ ಅಗಲ ಕಣ್ಣು ಕೊಡಬಹುದು, ನಾಲ್ಕಾರು ಹಾರಿಸಲೂಬಹುದು. 2018ರಲ್ಲಿ ಹಾರಿದ ಚೀನಾದ ಪೋಲಾರ್‌ಲೈಟ್ ಪುಟ್ಟ ಉಪಗ್ರಹವೇ. ಸಿಡಿದ ನಕ್ಷತ್ರವೊಂದರ ಅವಶೇಷವಾದ ಏಡಿ ನೀಹಾರಿಕೆಯ ಧ್ರುವೀಕರಣ ಅಳೆದು ತೋರಿಸಿತು.

ಬೇಲೂರಿನ ಸದಸ್ಯೆ: ಮೇಡಂ, ಇವತ್ತು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣ ಬರುತ್ತಂತೆ, ಮೊಬೈಲ್ ಆಫ್ ಮಾಡಿ ತುಳಸಿ ಹತ್ತಿರ ಇಟ್ಟುಕೊಳ್ಳಬೇಕಂತೆ. ನಿಜಾನಾ?

ಉತ್ತರ: ಸುಳ್ಳು ಅಕ್ಕ. ವರ್ಷಗಳಿಂದ ಸುತ್ತುತ್ತಿರುವ ಮೆಸೇಜ್ ಅದು. ಕಾಸ್ಮಿಕ್ ಕಿರಣ ಹಗಲೂ ರಾತ್ರಿ ಬರುತ್ತಲೇ ಇರುತ್ತದೆ. ಆರಾಮಾಗಿ ಮಲಗಿ.

ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ: ಮೇಡಂ, ನಾವು ನಾಲ್ಕು ಜನ, ಫೈನಲ್ ಇಯರ್. ಧ್ರುವೀಕರಣ ಅಳೆಯುವ ಗ್ಯಾಸ್ ಡಿಟೆಕ್ಟರ್ ನಮ್ಮ ಪ್ರಾಜೆಕ್ಟ್. ಮುಚ್ಚಿಹೋದ ಕ್ಲಿನಿಕ್ಕಿನ ಎಕ್ಸ್-ರೇ ಟ್ಯೂಬ್ ಗುಜರಿಯಲ್ಲಿ ಸಿಕ್ತು. ಕಿರಣವನ್ನು ಪ್ಲಾಸ್ಟಿಕ್ ತುಂಡಿಗೆ ಬಿಟ್ಟು, 90 ಡಿಗ್ರಿಗೆ ಚದುರಿದ್ದನ್ನು ಹಿಡಿಯೋಣ ಅಂತ. ನಾಳೆ ರೂಮಿನಲ್ಲೇ ಆನ್ ಮಾಡ್ತೀವಿ. ಸೀಸದ ಹಾಳೆ ಇಲ್ಲ. ಸಗಣಿ ಬಳಿದ ಗೋಡೆ ಕಿರಣ ತಡೆಯುತ್ತೆ ಅಂತ ಒಂದು ಫಾರ್ವರ್ಡ್ ಬಂದಿದೆ, ಅದು ಸಾಕಾ?

ಉತ್ತರ: ಸಾಕಾಗುವುದಿಲ್ಲ. ಆನ್ ಮಾಡಬೇಡಪ್ಪ. ಪ್ಲಗ್ಗಿಗೂ ಹಾಕಬೇಡ. ಆ ಟ್ಯೂಬಿಗೆ ಹತ್ತಾರು ಸಾವಿರ ವೋಲ್ಟ್ ಬೇಕು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಚದುರಿದ ಕಿರಣ ನಿಮ್ಮ ಡಿಟೆಕ್ಟರ್ ಕಡೆಗಷ್ಟೇ ಹೋಗುವುದಿಲ್ಲ, ರೂಮಿನ ಎಲ್ಲ ಕಡೆಗೂ ಹೋಗುತ್ತದೆ, ಗೋಡೆಯಾಚೆ ಮಲಗಿರುವವರಿಗೂ ತಾಗಬಹುದು. ಬಿದ್ದಾಗ ಮೈಗೆ ಏನೂ ಗೊತ್ತಾಗುವುದಿಲ್ಲ, ಚರ್ಮ ಸುಟ್ಟಿದ್ದು ದಿನಗಳಾದ ಮೇಲೆ ಕಾಣುತ್ತದೆ. ಎಕ್ಸ್-ರೇ ಯಂತ್ರ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕೇ ಬೇಕು.

ಆದರೆ ನಿಮ್ಮ ಯೋಚನೆ ತಪ್ಪಲ್ಲ. ಎಕ್ಸ್-ರೇಗೆ ಧ್ರುವೀಕರಣ ಇದೆ ಅಂತ ಬ್ರಿಟನ್ನಿನ ಭೌತವಿಜ್ಞಾನಿ ಬಾರ್ಕ್ಲಾ ತೋರಿಸಿದ್ದು ಹೀಗೆ ಚದುರಿಸಿಯೇ. ಡಿಟೆಕ್ಟರ್ ಒಳಗೆ ಆಗುವುದು ಇಷ್ಟು: ಎಕ್ಸ್-ರೇ ಫೋಟಾನ್, ಅಂದರೆ ಕಿರಣದ ಒಂದು ಕಣ, ಗ್ಯಾಸಿನ ಒಂದು ಪರಮಾಣುವಿಗೆ ಬಡಿದು ಎಲೆಕ್ಟ್ರಾನನ್ನು ಒದ್ದು ಹೊರಹಾಕುತ್ತದೆ. ಅದು ಒಂದು ಮಿಲಿಮೀಟರೂ ಇಲ್ಲದ ಸೊಟ್ಟ ಗೆರೆ ಎಳೆದು ನಿಲ್ಲುತ್ತದೆ. ಗೆರೆ ಶುರುವಾಗುವ ದಿಕ್ಕು ಹೆಚ್ಚಾಗಿ ಕಿರಣದ ವಿದ್ಯುತ್ ಕ್ಷೇತ್ರದ ಗುಂಟ ಇರುತ್ತದೆ, ಆ ತುದಿಗಾದರೂ ಸರಿ, ಈ ತುದಿಗಾದರೂ ಸರಿ. ಗಾಳಿ ಮಳೆಗೆ ಮಲಗಿದ ರಾಗಿ ಹೊಲ ನೋಡಿದ್ದೀರಲ್ವಾ? ಒಂದು ತೆನೆ ನೋಡಿ ಗಾಳಿ ಎತ್ತಲಿಂದ ಬೀಸಿತು ಅನ್ನಲಾಗದು, ಇಡೀ ಹೊಲ ನೋಡಬೇಕು. ಇಲ್ಲೂ ಹಾಗೇ. ಡಿಟೆಕ್ಟರಿನ ಮಾಡ್ಯುಲೇಷನ್, ಅಂದರೆ ಪೂರ್ತಿ ಧ್ರುವೀಕರಣ ಇರುವ ಕಿರಣಕ್ಕೆ ಗೆರೆಗಳು ಎಷ್ಟು ಚೆನ್ನಾಗಿ ದಿಕ್ಕು ತೋರಿಸುತ್ತವೆ ಅನ್ನುವ ಅಳತೆ, 0.3 ಅಂದುಕೊಳ್ಳಿ. ಹಿನ್ನೆಲೆ ಗದ್ದಲವೇ ಇಲ್ಲದಿದ್ದರೂ, 1000 ಫೋಟಾನ್ ಸಿಕ್ಕರೆ ಸುಮಾರು 45% ಮೇಲಿನ ಧ್ರುವೀಕರಣವನ್ನಷ್ಟೇ ಧೈರ್ಯವಾಗಿ ಹೇಳಬಹುದು. 10,000 ಸಿಕ್ಕರೆ 14%ವರೆಗೆ ಇಳಿಯಬಹುದು. ಪುಟ್ಟ ಉಪಗ್ರಹದ ಕಷ್ಟ ಇದೇ, ಅದಕ್ಕೆ ಸಿಗುವ ಫೋಟಾನ್ ಕಡಿಮೆ. ಮೊದಲು ಕಣಗಳ ಓಡಾಟ ಲೆಕ್ಕ ಹಾಕುವ ಜಿಯಾಂಟ್4 ಸಾಫ್ಟ್‌ವೇರ್ ಹಾಕಿಕೊಂಡು ಕಂಪ್ಯೂಟರಿನಲ್ಲಿ ಮಾಡಿ. ಅದು ಉಚಿತ. ಆಮೇಲೆ ಲೈಸೆನ್ಸ್ ಇರುವ ಲ್ಯಾಬ್ ಹುಡುಕೋಣ, ನಾನೇ ನಿಮ್ಮ ಗೈಡ್ ಹತ್ತಿರ ಮಾತಾಡುತ್ತೇನೆ. ಟ್ಯೂಬ್ ಈಗ ಎಲ್ಲಿದೆ?

ಸಕಲೇಶಪುರದ ಸದಸ್ಯ: ಎಲ್ಲಾ ಚೀನಾ ಮಾಡೋದು, ನಾವು ನೋಡ್ತಾ ಕೂರೋದು.

ಚನ್ನರಾಯಪಟ್ಟಣದ ಸದಸ್ಯ: ನಮ್ಮ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ 2015ರಲ್ಲೇ ಹೋಯ್ತು ಸ್ವಾಮಿ, ಗಾಮಾ ಸ್ಫೋಟಗಳ ಧ್ರುವೀಕರಣ ಅಳೆದಿದೆ. ಅದನ್ನ ನಡೆಸೋದು ನಮ್ಮ ಹಾಸನದ ಎಂಸಿಎಫ್, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ.

ಸಕಲೇಶಪುರದ ಸದಸ್ಯ: ಎಂಸಿಎಫ್ ನೋಡೋದು 36,000 ಕಿಲೋಮೀಟರ್ ಎತ್ತರದವನ್ನ. ಆಸ್ಟ್ರೋಸ್ಯಾಟ್ ಬೆಂಗಳೂರಿನದು. ತಿಳಿಯದೆ ಮಾತಾಡಬೇಡಿ.

ಚನ್ನರಾಯಪಟ್ಟಣದ ಸದಸ್ಯ: ನಮ್ಮ ಭಾವ ಎಂಸಿಎಫ್ ಇರೋ ಸಾಲಗಾಮೆ ರಸ್ತೆಯಲ್ಲೇ ಇರೋದು, ನನಗೆ ಹೇಳ್ತೀರಾ?

ಅರಸೀಕೆರೆ ಮೇಷ್ಟ್ರು: ಧ್ರುವೀಕರಣದಿಂದ ಸ್ಫೋಟದ ಬಗ್ಗೆ ಏನು ಗೊತ್ತಾಗುತ್ತೆ ಮೇಡಂ?

ಹೊಳೆನರಸೀಪುರದ ಸದಸ್ಯ: ರಾತ್ರಿ 12.30ಕ್ಕೆ ಮೊಬೈಲ್ ಆಫ್ ಮಾಡಬೇಕಾ?

ಉತ್ತರ: ಬೇಡ. ಮೇಲೆ ಓದಿ.

ಆಲೂರಿನ ಸದಸ್ಯ: ಫಾರ್ವರ್ಡ್‌ನಲ್ಲಿ ನಾಸಾ ಅಂತಾನೇ ಇದೆ. ಹುಷಾರಾಗಿದ್ದರೆ ನಷ್ಟ ಏನು? ಸಗಣಿ ವಿಷಯಾನೂ ಹಿರಿಯರು ಹೇಳಿದ್ದೇ.

ಉತ್ತರ: ನಷ್ಟ ಏನು ಅಂತ ಕೇಳುತ್ತೀರಾ? ನಾಲ್ಕು ಹುಡುಗರು ಅದನ್ನು ನಂಬಿ ನಾಳೆ ಎಕ್ಸ್-ರೇ ಮುಂದೆ ನಿಲ್ಲುವವರಿದ್ದರು. ಹಿರಿಯರು ಗೋಡೆಗೆ ಸಗಣಿ ಬಳಿದದ್ದು ಎಕ್ಸ್-ರೇ ತಡೆಯಲಲ್ಲ. ದಯವಿಟ್ಟು ಆ ಮೆಸೇಜ್ ಅಳಿಸಿ. ಇಂಥದ್ದಕ್ಕೆ ಇನ್ನು ಉತ್ತರ ಕೊಡುವುದಿಲ್ಲ. ಆಸ್ಟ್ರೋಸ್ಯಾಟ್ ನಡೆಸುವುದು ಬೆಂಗಳೂರಿನಿಂದಲೇ, ಎಂಸಿಎಫ್ ಜಗಳ ಬೇರೆ ಕಡೆ ಆಡಿ, ಹುಡುಗನ ಉತ್ತರ ಕಾಣದೆ ಹೋಗುತ್ತದೆ.

ಟ್ಯೂಬ್ ಎಲ್ಲಿದೆಯಪ್ಪ?

ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ: ಮಂಚದ ಕೆಳಗಿದೆ ಮೇಡಂ. ವೈರ್ ಜೋಡಿಸಿಲ್ಲ.

ಉತ್ತರ: ಹಾಗೇ ಇರಲಿ, ಮುಟ್ಟಬೇಡಿ. ಬೆಳಿಗ್ಗೆ ಗೈಡ್ ನಂಬರ್ ಕಳಿಸು.

ಹೊಳೆನರಸೀಪುರದ ಸದಸ್ಯ: ವೈ-ಫೈ ಆದ್ರೂ ಆಫ್ ಮಾಡಬೇಕಾ?