ಗಾಜಿನ ಮೇಲೆ ಮೊಟ್ಟೆ, ಯಾವ ಮೀನಿನದು? ಮೀನು ವೈದ್ಯರಿಗೆ ಪ್ರಶ್ನೆಗಳು

ಹಾಸನದ ಸದಸ್ಯ: ನಮಸ್ಕಾರ ಡಾಕ್ಟ್ರೇ. ಮೂರಡಿ ಟ್ಯಾಂಕ್, 120 ಲೀಟರ್. ಮೀನುಗಳು: ಏಂಜೆಲ್ 2, ಕೋರಿ (ತಳದಲ್ಲಿ ಓಡಾಡುವ ಕೋರಿಡೋರಸ್) 6, ಪ್ಲಾಟಿ 4. ಬೆಳಿಗ್ಗೆ ಮುಂದಿನ ಗಾಜಿನ ಮೇಲೆ ಅಲ್ಲೊಂದು ಇಲ್ಲೆರಡು ಮೊಟ್ಟೆ, ಫಿಲ್ಟರ್ ಪೈಪಿನ ಮೇಲೆ ಸಾಲುಸಾಲಾಗಿ ನೂರಕ್ಕೂ ಹೆಚ್ಚು. ಯಾವ ಮೀನಿನದು?

ಮೀನು ವೈದ್ಯರು: ಎರಡು ಜಾತಿಯವು. ಗಾಜಿನ ಮೇಲೆ ಚದುರಿರುವುದು ಕೋರಿ. ಸಾಸಿವೆ ಗಾತ್ರ, ಅಂಟು, ಮೊದಲು ತಿಳಿ, ಆಮೇಲೆ ಕಂದು. ಮಳೆ ಬಿದ್ದು ನೀರು ತಣ್ಣಗಾದಾಗ, ಇಲ್ಲವೇ ತಣ್ಣೀರು ಬದಲಿಸಿದ ಮರುದಿನ ಇಡುತ್ತವೆ. ಮೊಟ್ಟೆ ಗಟ್ಟಿಯಾಗಲು ಕೆಲವು ಗಂಟೆ ಬಿಟ್ಟು, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ಬಿಡಿಸಿ. ಅದೇ ಟ್ಯಾಂಕಿನ ನೀರು 2–3 ಲೀಟರ್ ಹಾಕಿದ ಡಬ್ಬಿಗೆ ಬಿಡಿ, ಏರ್ ಸ್ಟೋನ್ ನಿಧಾನಕ್ಕೆ ಗುಳ್ಳೆ ಬಿಡುತ್ತಿರಲಿ. 3–5 ದಿನಕ್ಕೆ ಮರಿ.

ಪೈಪಿನ ಮೇಲಿನವು ಏಂಜೆಲ್‌ದು. ರಾಗಿ ಕಾಳಿನಷ್ಟು, ಸಾಲು ಬಿಟ್ಟು ಇಡುವುದಿಲ್ಲ, ಪಕ್ಕದಲ್ಲೇ ನಿಂತು ರೆಕ್ಕೆ ಬೀಸುತ್ತವೆ. ನೀರು 27–28 ಡಿಗ್ರಿ ಇದ್ದರೆ ಎರಡು, ಎರಡೂವರೆ ದಿನಕ್ಕೆ ಮರಿಯಾಗಬೇಕು. ಎರಡನೇ ದಿನಕ್ಕೆ ಎಲ್ಲವೂ ಬಿಳಿಯಾದರೆ ಫಂಗಸ್ ಅಂತ ಗಾಬರಿ ಬೇಡ, ಎರಡೂ ಹೆಣ್ಣಿರಬಹುದು. ಗಂಡಿಲ್ಲದಿದ್ದರೆ ಹೆಣ್ಣುಗಳೇ ಜೋಡಿಯಾಗಿ ಇಡುತ್ತವೆ. ಇಡುವಾಗ ಹೊಟ್ಟೆ ಕೆಳಗಿನ ನಳಿಗೆ ನೋಡಿ: ಗಂಡಿನದು ಸಣ್ಣ, ಚೂಪು. ಹೆಣ್ಣಿನದು ದಪ್ಪ, ಮೊಂಡು.

ಮೈಸೂರಿನ ಸದಸ್ಯೆ: ಸರ್, ಗಪ್ಪಿ ಮೊಟ್ಟೆ ಎಲ್ಲಿಡುತ್ತೆ?

ಮೀನು ವೈದ್ಯರು: ಗಪ್ಪಿ, ಮೋಲಿ, ಪ್ಲಾಟಿ ಮರಿ ಹಾಕುತ್ತವೆ. ಮೊಟ್ಟೆ ಇಡುವುದಿಲ್ಲ.

ಉಡುಪಿಯ ಸದಸ್ಯ: ಮುಚ್ಚಳದ ಕೆಳಗೆ, ನೀರಿನ ಮೇಲ್ಗಡೆ ಗುಲಾಬಿ ಬಣ್ಣದ ಗೊಂಚಲು ಅಂಟಿದೆ. ಮೀನಿನದಾ?

ಮೀನು ವೈದ್ಯರು: ಆ್ಯಪಲ್ ಬಸವನಹುಳು. ಮರಿ ಬೇಡವಾದರೆ ಕೆರೆದು ಫ್ರೀಜರಿನಲ್ಲಿಟ್ಟು, ಆಮೇಲೆ ಕಸಕ್ಕೆ ಹಾಕಿ. ಕೆರೆ, ಬಾವಿಗೆ ಹಾಕಬೇಡಿ.

ತುಮಕೂರಿನ ಸದಸ್ಯ: ಮೊಟ್ಟೆಗೆ ಫಂಗಸ್ ಬರಬಾರದೆಂದರೆ ಟ್ಯಾಂಕಿಗೆ 2 ಚಮಚ ಅರಿಶಿನ, ಒಂದು ಹಿಡಿ ಉಪ್ಪು ಹಾಕಿ ಅಂತ ವಾಟ್ಸಾಪ್‌ನಲ್ಲಿ ಬಂದಿದೆ.

ಮೀನು ವೈದ್ಯರು: ಹಾಕಬೇಡಿ. ಅರಿಶಿನ ನೀರಲ್ಲಿ ಕರಗುವುದಿಲ್ಲ. ಪುಡಿ ತಳಕ್ಕೆ ಕೂರುತ್ತೆ, ಕಿವಿರಿಗೂ ಮೆತ್ತುತ್ತೆ. ಕೋರಿಗೆ ಉಪ್ಪು ಆಗಿಬರುವುದಿಲ್ಲ.

ಹಾಸನದ ಸದಸ್ಯ: ಅಯ್ಯೋ ಸರ್, ನಾನು ನಿನ್ನೆಯೇ ಅರಿಶಿನ ಹಾಕಿದೆ. ಜೊತೆಗೆ ಫಂಗಸ್‌ಗೆ ಹಾಕುವ ನೀಲಿ ಔಷಧ ಮಿಥಿಲೀನ್ ಬ್ಲೂ ಅರ್ಧ ಬಾಟಲಿ ಕೂಡ. ಈಗ ಕೋರಿಗಳು ಮೇಲೆ ಬಂದು ಬಂದು ಗಾಳಿ ಕುಡಿಯುತ್ತಿವೆ.

ಮೀನು ವೈದ್ಯರು: ಇದನ್ನು ಮೊದಲೇ ಹೇಳಬೇಕಿತ್ತು. ಕೋರಿ ಆಗೊಮ್ಮೆ ಈಗೊಮ್ಮೆ ಮೇಲೆ ಬರುವುದು ಸಹಜ, ಬಿಡದೆ ಬರುತ್ತಿದ್ದರೆ ಉಸಿರು ಸಾಲುತ್ತಿಲ್ಲ. ಮೊಟ್ಟೆ ಮರೆತುಬಿಡಿ. ಏರ್ ಪಂಪ್ ಪೂರ್ತಿ ತೆರೆಯಿರಿ. ತಳದ ಅರಿಶಿನ ಪೈಪಿನಿಂದ ಎಳೆಯುತ್ತ ಶೇ 40 ನೀರು ಬದಲಿಸಿ. ಹೊಸ ನೀರಿನ ಬಿಸಿ ಹಳೆಯದಷ್ಟೇ ಇರಲಿ, ಕ್ಲೋರಿನ್ ತೆಗೆದದ್ದಿರಲಿ. ಫಿಲ್ಟರಿಗೆ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ, ನೀಲಿ ಅದೇ ಹೀರುತ್ತೆ. ಫಿಲ್ಟರಿನ ಸ್ಪಾಂಜ್ ನಲ್ಲಿಯಡಿ ತೊಳೆಯಬೇಡಿ, ಮೀನಿನ ಹೊಲಸಿನಿಂದ ಬರುವ ವಿಷ ಅಮೋನಿಯಾವನ್ನು ತೆಗೆಯುವ ಬ್ಯಾಕ್ಟೀರಿಯಾ ಅದರಲ್ಲಿರುತ್ತೆ. ಬ್ಲೂನಿಂದ ಒಂದಷ್ಟು ಬ್ಯಾಕ್ಟೀರಿಯಾ ಸತ್ತಿರುತ್ತೆ, ಉಳಿದದ್ದು ನಲ್ಲಿ ನೀರಿಗೆ ಸಾಯುತ್ತೆ. ಎರಡು ದಿನ ಊಟ ಬೇಡ. ನೀಲಿ ಹೋದ ಮೇಲೆ ದಿನಾ ಅಮೋನಿಯಾ ಅಳೆಯಿರಿ. ನೀಲಿ ಇರುವಾಗ ಅಳೆದರೆ ಕಿಟ್‌ನ ಬಣ್ಣ ತಪ್ಪು ತೋರಿಸುತ್ತೆ.

ಮಿಥಿಲೀನ್ ಬ್ಲೂ ಮೊಟ್ಟೆಯ ಡಬ್ಬಿಗೆ ಮಾತ್ರ: ಶೇ 1 ದ್ರಾವಣವಾದರೆ 10 ಲೀಟರಿಗೆ 2 ಮಿ.ಲೀ. ಬಿಳಿಯಾದ ಮೊಟ್ಟೆ ದಿನಾ ತೆಗೆಯಿರಿ, ಇಲ್ಲದಿದ್ದರೆ ಫಂಗಸ್ ಪಕ್ಕದ್ದಕ್ಕೂ ಹಬ್ಬುತ್ತೆ.

ತುಮಕೂರಿನ ಸದಸ್ಯ: ಅರಿಶಿನ ನಮ್ಮಜ್ಜಿ ಕಾಲದಿಂದ ಔಷಧ ಸರ್. ಎಲ್ಲಾ ತಪ್ಪು ಅಂದರೆ ಹೇಗೆ?

ಧಾರವಾಡದ ಸದಸ್ಯ: ಗಾಯಕ್ಕ ಹಚ್ಚೋದು ಬ್ಯಾರೆ, ಕಿವಿರಿನಾಗ ತುರುಕೋದು ಬ್ಯಾರೆ ರೀ.

ತುಮಕೂರಿನ ಸದಸ್ಯ: ನಿಮ್ಮನ್ನ ಕೇಳಲಿಲ್ಲ.

ಧಾರವಾಡದ ಸದಸ್ಯ: ನೀವು ಹಾಕಿದ ಮೆಸೇಜನ್ನ ಅವರು ನಂಬ್ಯಾರ. ಅದಕ್ಕ ಹೇಳಾಕತ್ತೀನಿ.

ಬೆಳಗಾವಿಯ ಸದಸ್ಯೆ: ಗೋಲ್ಡ್ ಫಿಶ್ ಹೊಟ್ಟಿ ಒಂದ ಕಡೆ ಊದ್ಯಾದ್ರೀ, ಮೊಟ್ಟಿ ಇರಬಹುದಾ?

ಉಡುಪಿಯ ಸದಸ್ಯ: ಕೆರೆಗೆ ಬಿಟ್ಟರೆ ಬಸವನಹುಳ ಪಾಚಿ ತಿಂದು ಸ್ವಚ್ಛ ಮಾಡ್ತದಲ್ಲ?

ಧಾರವಾಡದ ಸದಸ್ಯ: ಪಾಚಿ ಅಲ್ರಿ, ಇದ್ದ ಗಿಡಾನೂ ತಿಂತಾವ. ಕೆರ್ಯಾಗ ಬೆಳೆದ್ರ ಆಮ್ಯಾಲ ತೆಗಿಯಾಕ ಆಗಂಗಿಲ್ಲ.

ಮಂಡ್ಯದ ಸದಸ್ಯ: ಡಾಕ್ಟ್ರೇ, ನಮ್ಮ ಗಪ್ಪಿ ಗಾಜಿನ ಮೇಲೆ ಎಳ್ಳಿನಂಥ ಬಿಳಿ ಮೊಟ್ಟೆ ಇಟ್ಟಿದೆ.

ಮೀನು ವೈದ್ಯರು: ಗಪ್ಪಿ ಅಲ್ಲ, ಮೇಲೆ ಓದಿ. ಅದು ನೆರೈಟ್ ಬಸವನಹುಳು. ಸಿಹಿನೀರಲ್ಲಿ ಮರಿಯಾಗುವುದಿಲ್ಲ.

ತುಮಕೂರಿನ ಸದಸ್ಯ: ಬೇವಿನ ಎಲೆ ಆದ್ರೂ...

ಮೀನು ವೈದ್ಯರು: ಬೇಡ. ಫಾರ್ವರ್ಡ್ ಮೆಸೇಜ್ ಇನ್ನು ಇಲ್ಲಿ ಹಾಕಬೇಡಿ. ಹಾಸನದವರೇ, ನೀಲಿ ಹೋಯಿತೆ? ಅಮೋನಿಯಾ ಎಷ್ಟು?

ಹಾಸನದ ಸದಸ್ಯ: ಹೋಯ್ತು ಸರ್. 0.5 ತೋರಿಸ್ತಿದೆ.

ಮೀನು ವೈದ್ಯರು: ಈಗಲೇ ಶೇ 30 ಬದಲಿಸಿ. ಬೆಳಿಗ್ಗೆ ಅಳೆದು ಇಲ್ಲೇ ಹಾಕಿ.