ಪದ ಬೇಕಿತ್ತು, ಅರ್ಜೆಂಟು: ವಿಡಿಯೋ ಕ್ಯಾಮೆರಾದ ‘ಅಂಡರ್‌ವಾಟರ್ ಹೌಸಿಂಗ್’

ಕಡಲತಡಿ:
ಎಲ್ರಿಗೂ ನಮಸ್ಕಾರ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರ್ಕೊಂಡ್ ಹೋಗೋರೊಬ್ರು ಕ್ಯಾಮೆರಾನೂ, ಅದನ್ನ ನೀರಿಗಿಳಿಸೋಕೆ ಸುತ್ತ ಹಾಕೋ ಗಟ್ಟಿ ಡಬ್ಬಿ ಅಂದ್ರೆ ಹೌಸಿಂಗನ್ನೂ ಬಾಡಿಗೆಗೆ ಕೊಡ್ತಾರೆ. ‘ಯಾವ ಹೌಸಿಂಗ್ ಆರಿಸ್ಕೋಬೇಕು’ ಅಂತ ಕೌಂಟರ್ ಪಕ್ಕ ಒಂದು ಬೋರ್ಡಿದೆ, ಪೂರ್ತಿ ಇಂಗ್ಲಿಷು, ಕನ್ನಡ ಮಾಡ್ಕೊಡಿ ಅಂದಿದ್ದಾರೆ, ಫ್ಲೆಕ್ಸ್‌ನೋನು ಸಂಜೆ ಆರಕ್ಕೆ ಮ್ಯಾಟರ್ ಕೇಳ್ತಿದ್ದಾನೆ. ಮೊದಲ್ನೇ ಪದಕ್ಕೇ ಸಿಕ್ಕಾಕೊಂಡಿದೀನಿ. ‘ಹೌಸಿಂಗ್’ ಅಂತಲೇ ಬಿಟ್ರೆ ಹೌಸಿಂಗ್ ಬೋರ್ಡು, ಸೈಟು ನೆನಪಾಗುತ್ತೆ. ‘ಕವರ್’ ಅಂದ್ರೆ ಇನ್ನೂ ಅಪಾಯ, ಮೊಬೈಲ್ ಹಾಕಿ ಕುತ್ತಿಗೆಗೆ ನೇತಾಕೊಳ್ಳೋ ಪ್ಲಾಸ್ಟಿಕ್ ಚೀಲಾನೂ ಅದೇ ಅಂದ್ಕೊಂಡು ಇಳಿದುಬಿಡ್ತಾರೆ, ಬೋರ್ಡ್ ಹಾಕ್ತಿರೋದೇ ಅವೆರಡೂ ಬೇರೆ ಅಂತ ಹೇಳೋಕೆ. ಜೊತೆಗೆ ಓ-ರಿಂಗ್ (ಸಂದಿ ಬಿಗಿ ಮಾಡೋ ರಬ್ಬರ್ ಬಳೆ), ಫ್ಲಾಟ್ ಪೋರ್ಟ್, ಡೋಮ್ ಪೋರ್ಟ್ (ಪೋರ್ಟ್ ಅಂದ್ರೆ ಲೆನ್ಸ್ ಮುಂದಿನ ಗಾಜು), ಲೀಕ್ ಅಲಾರಂ. ಯಾರಾದ್ರೂ ಬೇಗ ಹೇಳಿ ಪ್ಲೀಸ್.

ಹಳೆ ಮೇಷ್ಟ್ರು:
ಜಲನಿರೋಧಕ ಕವಚ. ಇದಕ್ಕೆ ಇಷ್ಟುದ್ದ ಪತ್ರ ಯಾಕೆ? ‘ನೀರುಕವಚ’, ‘ಜಲಪೆಟ್ಟಿಗೆ’ ಅಂತ ಮಾತ್ರ ಬರೀಬೇಡಿ. ಕನ್ನಡ, ಸಂಸ್ಕೃತ ಪದಗಳನ್ನ ಬೆರೆಸಿ ಜೋಡಿಸಿದರೆ ಅರಿಸಮಾಸ, ದೋಷ.

ಅಚ್ಚಗನ್ನಡಿಗ:
ಜಲ, ನಿರೋಧಕ, ಕವಚ. ಮೂರರಲ್ಲಿ ಕನ್ನಡ ಎಲ್ಲಿದೆ ಮೇಷ್ಟ್ರೇ, ವಿಭಕ್ತಿ ಪ್ರತ್ಯಯದಲ್ಲಾ? ‘ನೀರೊರೆ’ ಅನ್ನಿ, ಮುಗೀತು. ಕತ್ತಿಯ ಒರೆ ಎಲ್ರಿಗೂ ಗೊತ್ತು. ಡೋಮ್‌ಗೆ ‘ಗುಮ್ಮಟ’, ಓ-ರಿಂಗ್‌ಗೆ ‘ಬಿಗಿಬಳೆ’.

ಮುಳುಗುವವ:
ನೀರೊರೆ ಕೊಡಪ್ಪ ಅಂದ್ರೆ ನಮ್ ಬೋಟ್ ಹುಡುಗ್ರು ನೀರ್ ಒರೆಸೋ ಬಟ್ಟೆ ತಂದ್ಕೊಡ್ತಾರೆ ಸ್ವಾಮಿ.

ನಾನು ಪಂಡಿತ ಅಲ್ಲ, ಸುಮಾರು ಸಲ ಕ್ಯಾಮೆರಾ ಇಳಿಸಿದೀನಿ ಅಷ್ಟೆ. ನನ್ ತಕರಾರು ‘ಜಲನಿರೋಧಕ’ದ ಮೇಲೆ. ನೀರು ತಡಿಯೋದು ದೊಡ್ಡ ವಿಷ್ಯ ಅಲ್ಲ, ಆ ಪ್ಲಾಸ್ಟಿಕ್ ಚೀಲಾನೂ ಮೇಲ್ಮೇಲೆ ತಡಿಯುತ್ತೆ, ತಡೀಬೇಕಿರೋದು ಒತ್ತಡ. ನೆಲದ ಮೇಲೆ ಗಾಳಿ ಎಷ್ಟು ಒತ್ತುತ್ತೋ ಅಷ್ಟೇ ಒತ್ತಡ ಪ್ರತಿ 10 ಮೀಟರ್‌ಗೆ ಇನ್ನೊಂದೊಂದು ಸೇರ್ತಾ ಹೋಗುತ್ತೆ, 10 ಮೀಟರ್‌ನಲ್ಲಿ ಎರಡರಷ್ಟು, 30ರಲ್ಲಿ ನಾಲ್ಕರಷ್ಟು. ಫೋನ್ ಮೇಲೆ ಐಪಿ 67 ಅಂತ ಇದ್ರೆ ಅದರರ್ಥ 1 ಮೀಟರ್ ನೀರಲ್ಲಿ ಅರ್ಧ ಗಂಟೆ, ಅದೂ ಅಲುಗಾಡದ ನೀರು. ಗೋಪ್ರೋ ಹೀರೋ 12 ಅನ್ನೋ ಪುಟ್ಟ ಕ್ಯಾಮೆರಾನ ಹಾಗೇ ಇಳಿಸಿದ್ರೆ 10 ಮೀಟರ್, ಅವರದೇ ಹೌಸಿಂಗ್ ಹಾಕಿದ್ರೆ 60. ಪದ ಏನಾದ್ರೂ ಇಟ್ಕೊಳ್ಳಿ, ಅದರ ಮುಂದೆ ‘ಎಷ್ಟು ಮೀಟರ್‌ವರೆಗೆ’ ಅಂತ ದಪ್ಪಕ್ಷರದಲ್ಲಿ ಹಾಕಿ.

ಬೋರ್ಡಲ್ಲಿ ಇನ್ನೇನಿದೆ ನಂಗೊತ್ತಿಲ್ಲ, ಆದ್ರೆ ಆರಿಸೋ ವಿಷ್ಯಕ್ಕೆ ಬಂದ್ರೆ ಇಷ್ಟು ಇರ್ಲೇಬೇಕು. ಪಾಲಿಕಾರ್ಬೊನೇಟು, ಅಕ್ರಿಲಿಕ್ಕಿನದಾದ್ರೆ ಅಗ್ಗ, ಒಳಗೆ ಒಂದು ಹನಿ ಬಂದ್ರೂ ಕಣ್ಣಿಗೆ ಕಾಣುತ್ತೆ, ಆದ್ರೆ ಕ್ಯಾಮೆರಾ ಬಿಸಿ ಹೊರಗೆ ಹೋಗಲ್ಲ, ಗಾಜು ಬೆವರುತ್ತೆ, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಇಡ್ಬೇಕು. ಅಲ್ಯೂಮಿನಿಯಂದು ದುಬಾರಿ, ಭಾರ, ಆದ್ರೆ ಬಿಸಿನ ನೀರಿಗೆ ದಾಟಿಸಿಬಿಡುತ್ತೆ, ಆಳಕ್ಕೂ ತಡಿಯುತ್ತೆ. ಗುಂಡಿ ಜಾಸ್ತಿ ಇದ್ರೆ ಒಳ್ಳೇದು ಅಂದ್ಕೋತಾರೆ ಜನ, ಒಂದೊಂದು ಗುಂಡಿಗೂ ಒಂದೊಂದು ತೂತು, ಒಂದೊಂದು ಓ-ರಿಂಗು, ಸೋರೋಕೆ ಒಂದೊಂದು ದಾರಿ. ಹಾಗಂತ ಬಣ್ಣ ಸರಿಮಾಡೋ ವೈಟ್ ಬ್ಯಾಲೆನ್ಸ್ ಗುಂಡಿ ಒಳಗೇ ಉಳಿದ್ರೆ ಕಷ್ಟ, ಇಳೀತಾ ಹೋದಂಗೆ ಕೆಂಪು ಬಣ್ಣಾನೇ ಮೊದಲು ಮಾಯ ಆಗೋದು, ವಿಡಿಯೋ ಪೂರ್ತಿ ನೀಲಿ. ಮತ್ತೆ ಹ್ಯಾಂಡಿಕ್ಯಾಮ್ ಇರೋರು ಗಮನಿಸಿ, ಹೌಸಿಂಗು ಆಯಾ ಮಾಡೆಲ್‌ಗೇ ಅಂತ ಮಾಡಿರ್ತಾರೆ, ಕ್ಯಾಮೆರಾ ಬದಲಾಯಿಸಿದ್ರೆ ಗುಂಡಿ ಜಾಗ ಬದಲಾಗಿ ಅದು ಮೂಲೆಗೆ.

ಕಡಲತಡಿ:
ಬಹಳ ಉಪಕಾರ ಆಯ್ತು. ಓ-ರಿಂಗ್‌ಗೆ ‘ಬಿಗಿಬಳೆ’ ಚೆನ್ನಾಗಿದೆ ಆದ್ರೆ ಯಾರಿಗೂ ತಿಳಿಯಲ್ಲ ಅನ್ಸುತ್ತೆ. ಕುಕ್ಕರ್ ರಬ್ಬರ್ ಇದ್ದಂಗೆ ಅಂತ ಬರೀಲಾ?

ಮುಳುಗುವವ:
ಬರೀರಿ. ಒಂದು ಕೂದಲು, ಒಂದು ಮರಳಿನ ಕಣ ಸಿಕ್ಕಾಕೊಂಡ್ರೂ ನೀರು ಬರುತ್ತೆ ಅಂತ್ಲೂ ಸೇರ್ಸಿ. ಗ್ರೀಸು ತೆಳ್ಳಗೆ, ಅದು ರಬ್ಬರ್ ಜಾರೋಕೆ ಹೊರತು ನೀರು ತಡಿಯೋಕಲ್ಲ, ಮೆತ್ತಿದ್ರೆ ಮರಳು ಅಂಟ್ಕೊಳ್ಳುತ್ತೆ. ಮೊದಲ್ನೇ ಸಲ ಕ್ಯಾಮೆರಾ ಇಲ್ದೆ ಟಿಶ್ಯೂ ಪೇಪರ್ ಹಾಕಿ ಇಳಿಸಿ, ಪೇಪರ್ ಒದ್ದೆ ಆಗ್ದೆ ಮೇಲೆ ಬಂದ್ರೆ ಆಮೇಲೆ ಕ್ಯಾಮೆರಾ.

ಹಳೆ ಮೇಷ್ಟ್ರು:
ಚರ್ಚೆ ಪದದ ಮೇಲಿರಲಿ. ‘ಬಿಗಿಬಳೆ’ಗೆ ವ್ಯಾಕರಣದ ಆಕ್ಷೇಪ ಇಲ್ಲ. ‘ಗುಮ್ಮಟ’ ಪಾರ್ಸಿಯಿಂದ ಬಂದದ್ದು ಅನ್ನೋದು ಅಚ್ಚಗನ್ನಡದವರಿಗೆ ಗೊತ್ತಿದ್ಯೋ ಇಲ್ವೋ.

ಅಚ್ಚಗನ್ನಡಿಗ:
ಗೊತ್ತಿದೆ. ಬಿಜಾಪುರದಲ್ಲಿ ನಿಂತು ಶತಮಾನಗಳಾದ್ವು, ಜನರ ಬಾಯಲ್ಲಿದೆ, ಅದು ಕನ್ನಡವೇ. ನಿಮ್ಮ ‘ನಿರೋಧಕ’ ಯಾವ ಜನರ ಬಾಯಲ್ಲಿದೆ? ಇನ್ನು ಅರಿಸಮಾಸ ಅರಿಸಮಾಸ ಅಂತೀರಲ್ಲ, ಮಳೆಗಾಲ ಅಂತ ದಿನಾ ಹೇಳ್ತೀರಿ, ಮಳೆ ಕನ್ನಡ, ಕಾಲ ಸಂಸ್ಕೃತ. ಅದನ್ನೇನ್ ಮಾಡ್ತೀರಿ?

ಹಳೆ ಮೇಷ್ಟ್ರು:
ಕಾಲ ಸಮಸಂಸ್ಕೃತ, ಅಂದರೆ ರೂಪ ಬದಲಾಗದೆ ಕನ್ನಡಕ್ಕೆ ಬಂದ ಸಂಸ್ಕೃತ ಪದ. ದೋಷವಿಲ್ಲ. ಶಬ್ದಮಣಿದರ್ಪಣ ಬರೆದ ವ್ಯಾಕರಣಕಾರ ಕೇಶಿರಾಜನನ್ನ ಓದಿ.

ಅಚ್ಚಗನ್ನಡಿಗ:
ಕವಚ ಮಾತ್ರ ಯಾಕಲ್ಲ? ಅದೂ ಇದ್ದಂಗೇ ಬಂದಿದೆ, ಒಂದಕ್ಷರ ಬದಲಾಗಿಲ್ಲ. ಬೇಕಾದ್ದಕ್ಕೆ ಸಮಸಂಸ್ಕೃತ, ಬೇಡದ್ದಕ್ಕೆ ಅರಿಸಮಾಸ. ಚೆನ್ನಾಗಿದೆ ನ್ಯಾಯ.

ಧಾರವಾಡದಾಂವ:
ಇಬ್ರೂ ಸ್ವಲ್ಪ ತಡೀರಿ. ‘ಮನಿ’ ಅಂತ ಯಾಕ್ ಅನಬಾರ್ದ್ರಿ? ಹೌಸಿಂಗ್ ಅಂದ್ರ ಮನಿನ ಅಲ್ಲೇನು. ಚೌಕಾಬಾರಾದಾಗ ಕಾಯಿ ಕೂಡೂದು ಮನಿ ಅಂತೀವಿ. ಅಂಗಿ ಗುಂಡಿ ಕೂಡೂ ತೂತಿಗೆ ದರ್ಜಿ ಕಾಜಾ ಅಂತಾನಲ್ರಿ, ಅದು ಪೋರ್ಚುಗೀಸರ ಕಾಸಾ, ಅವ್ರ ಭಾಷಾದಾಗ ಕಾಸಾ ಅಂದ್ರ ಮನಿನ. ಅಂದಮ್ಯಾಗ ಹೌಸಿಂಗ್ ಅನ್ನೂ ಮಾತು ನಾಲ್ಕುನೂರು ವರ್ಷದ ಹಿಂದನ ಗೋವಾ ಮ್ಯಾಲಿಂದ ನಮ್ಮ ಅಂಗಿಗೆ ಬಂದು ಕುಂತೈತಿ. ಇನ್ನೊಂದು ಮಜಾ ಕೇಳ್ರಿ, ಕ್ಯಾಮೆರಾ ಅಂದ್ರ ಲ್ಯಾಟಿನ್ನಿನಾಗ ಖೋಲಿ. ಖೋಲಿಗೆ ಮನಿ ಕಟ್ಟಾಕ ನಿಂತೀರಿ ನೀವು. ನನ್ ವೋಟು ‘ಕ್ಯಾಮೆರಾಮನೆ’ಗೆ.

ಹಳೆ ಮೇಷ್ಟ್ರು:
ಬಾಡಿಗೆಗೆ ಕ್ಯಾಮೆರಾಮನೆ ಸಿಗುತ್ತದೆ ಅಂತ ಬೋರ್ಡ್ ಹಾಕಿದರೆ ಅಡ್ವಾನ್ಸ್ ಎಷ್ಟು ಅಂತ ಕೇಳ್ತಾರೆ.

ಅಚ್ಚಗನ್ನಡಿಗ:
ಮೊದಲ್ನೇ ಸಲ ಮೇಷ್ಟ್ರ ಮಾತು ಒಪ್ತೀನಿ.

ಧಾರವಾಡದಾಂವ:
ಹಂಗಾದ್ರ ‘ಪೆಟ್ಟಿಗೆ’ ಅನ್ರಿ. 1893ರಾಗ ಫ್ರಾನ್ಸಿನ ಲೂಯಿ ಬೂತಾಂ ಸಮುದ್ರದಾಗ ಫೋಟೋ ತಗದಾಗ ನೀರು ಹೋಗಲಾರದಂಥ ಪೆಟ್ಟಿಗ್ಯಾಗ ಕ್ಯಾಮೆರಾ ಇಟ್ಟು ಇಳಿಸಿದ್ದ, ಅವಾಗ ಯಾವ ಹೌಸಿಂಗೂ ಇರಲಿಲ್ಲ. ಪೆಟ್ಟಿಗೆ ನಮ್ದ ಶಬ್ದ, ತಮಿಳಿನಾಗೂ ಪೆಟ್ಟಿ ಐತಿ.

ಮುಳುಗುವವ:
ಪೆಟ್ಟಿಗೆ ಅಂದ್ರೆ ನಮ್ಮಲ್ಲಿ ಮೀನಿಗೆ ಐಸ್ ಹಾಕಿಡೋದು. ಬೋಟಲ್ಲಿ ಅದೂ ಇರುತ್ತೆ, ಗೊಂದಲ ಬೇಡ. ನಂಗೆ ಕವಚಾನೇ ಸರಿ ಕಾಣುತ್ತೆ, ಯಾಕಂದ್ರೆ ಕವಚ ಅಂದಾಗ ಹೊಡೆತ ತಡಿಯುತ್ತೆ ಅಂತ ಕಿವಿಗೆ ಬೀಳುತ್ತೆ, ಒತ್ತಡದ ಮಾತು ಅದರಲ್ಲೇ ಬಂತು. ಚೀಲ ಬೇರೆ ಕವಚ ಬೇರೆ ಅಂತ ಮಕ್ಕಳಿಗೂ ಗೊತ್ತಾಗುತ್ತೆ.

ಕಡಲತಡಿ:
ಐದೂಕಾಲಾಯ್ತು, ಕಳಿಸ್ತಾ ಇದೀನಿ. ‘ಆಳನೀರಿನ ಕ್ಯಾಮೆರಾ ಕವಚ’ ಅಂತ ಮೇಲೆ, ಕೆಳಗೆ ಸಣ್ಣಕ್ಷರದಲ್ಲಿ ಕನ್ನಡ ಲಿಪಿಯಲ್ಲೇ ‘ಹೌಸಿಂಗ್’, ಕೌಂಟರಲ್ಲಿ ಕೇಳೋದು ಅದನ್ನೇ ಅಲ್ವಾ. ಓ-ರಿಂಗ್ ಹಾಗೇ ಬಿಟ್ಟು ಕುಕ್ಕರ್ ರಬ್ಬರ್ ಅಂತ ವಿವರಣೆ. ಲೀಕ್ ಅಲಾರಂಗೆ ‘ಸೋರಿದ್ರೆ ಕೂಗುವ ಅಲಾರಂ’. ಫ್ಲಾಟ್ ಪೋರ್ಟ್ ‘ಚಪ್ಪಟೆ ಗಾಜು’, ವಸ್ತು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತೆ, ನೋಟ ಕಿರಿದಾಗುತ್ತೆ ಅಂತ. ಡೋಮ್‌ಗೆ ‘ಗುಮ್ಮಟದ ಗಾಜು’, ಅಗಲ ನೋಟಕ್ಕೆ ಇದು. ಫ್ಲೆಕ್ಸ್‌ನೋನು ಒಂದು ಸಲ ‘ಗೊಮ್ಮಟ’ ಅಂತ ಟೈಪ್ ಮಾಡಿ ಕಳಿಸಿದ್ದ, ತಿದ್ದಿಸ್ದೆ, ಇಲ್ಲಾಂದ್ರೆ ಶ್ರವಣಬೆಳಗೊಳದಿಂದ ಫೋನ್ ಬರ್ತಿತ್ತು.

ಹಳೆ ಮೇಷ್ಟ್ರು:
‘ಕ್ಯಾಮೆರಾ ಕವಚ’. ಒಂದು ಇಂಗ್ಲಿಷು, ಒಂದು ಸಂಸ್ಕೃತ. ಬಿಡಿಸಿ ಬರೆದಿದ್ದೀರಿ, ಅದಕ್ಕೆ ಸುಮ್ಮನಿದ್ದೇನೆ.

ಅಚ್ಚಗನ್ನಡಿಗ:
‘ಆಳನೀರು’ ಒಂದಾದ್ರೂ ಉಳೀತಲ್ಲ. ಇಂಗ್ಲಿಷಿನವರು ನಮ್ಮಿಂದ ತಗೊಂಡಾಗ ಸಮಾಸ ನೋಡ್ಲಿಲ್ಲ, ನಾವು ಮಾತ್ರ...

ಧಾರವಾಡದಾಂವ:
ತಗೊಂಡ್ರ ತಪ್ಪೇನ್ರಿ? ಚಾವಿ, ಪಾದ್ರಿ, ಅನಾನಸು, ಬಟಾಟಿ ಎಲ್ಲಾ ಪೋರ್ಚುಗೀಸರಿಗೆ ವಾಪಸ್ ಕೊಡ್ತೀರೇನು? ನೀವು ಚಾವಿ ಅನ್ನಂಗಿಲ್ಲ ಬಿಡ್ರಿ, ಬೀಗದಕೈ ಅಂತೀರಿ, ನಮ್ಮ ಮಾತು ಕೇಳಿದ್ರ ನಗ್ತೀರಿ.

ಅಚ್ಚಗನ್ನಡಿಗ:
ನಕ್ಕಿಲ್ಲ. ಆದ್ರೆ ಬೀಗದಕೈ ಇದ್ದಾಗ ಚಾವಿ ಯಾಕೆ?

ಹಳೆ ಮೇಷ್ಟ್ರು:
ಬೇರೆ ಶೀರ್ಷಿಕೆ ಕೊಟ್ಟು ಬೇರೆ ಎಳೆ ಶುರುಮಾಡಿ.