ಅಪ್‌ಡೇಟ್: ಕೊನೆಗೂ ಮೀಟಿಂಗ್‌ಗೆ ಹೋದೆ

ಕುಡಿತ ಬಿಡಲು ಬೆಂಗಳೂರಿನಲ್ಲಿ ಕನ್ನಡದ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್ ಇದೆಯಾ ಅಂತ ಹೋದ ತಿಂಗಳು ಕೇಳಿದ್ದೆ. ಇದೆ, ಸಿಕ್ಕಿತು!

ದಿಢೀರ್ ಬಿಟ್ಟರೆ ಫಿಟ್ಸ್ ಬರಬಹುದು ಅಂತ ಒಬ್ಬರು ಎಚ್ಚರಿಸಿದ್ದರಲ್ವಾ, ಅದಕ್ಕೇ ಮೊದಲು ನಿಮ್ಹಾನ್ಸ್‌ನಲ್ಲಿ ತೋರಿಸಿಕೊಂಡೆ. ಮೀಟಿಂಗ್‌ಗೆ ಮೊದಲ ದಿನ ಗೇಟಿನವರೆಗೆ ಹೋಗಿ ವಾಪಸ್ ಬಂದೆ, ಸುಳ್ಳು ಯಾಕೆ ಹೇಳಲಿ. ಎರಡನೇ ಸಲ ಒಳಗೆ ಕೂತೆ. ಪ್ಲಾಸ್ಟಿಕ್ ಕುರ್ಚಿ, ಟೀ, ಹನ್ನೆರಡು ಜನ. ಊರು, ಕೆಲಸ ಯಾರೂ ಕೇಳಲಿಲ್ಲ. ಫೀಸ್ ಇಲ್ಲ, ಕೊನೆಗೆ ಒಂದು ಚೀಲ ಸುತ್ತು ಬಂತು, ಇಷ್ಟವಿದ್ದವರು ಹಾಕಿದರು. ನಾನು ಸುಮ್ನೆ ಕೇಳಿಸಿಕೊಂಡೆ. ಒಬ್ಬರು ಕೈ ನಡುಗದೆ ಗಡ್ಡ ಹೆರೆದುಕೊಂಡ ಮೊದಲ ಬೆಳಗಿನ ಬಗ್ಗೆ ಹೇಳಿದರು. ಕಣ್ಣು ತುಂಬಿ ಬಂತು.

ಮನೆಯವರಿಗೆ ಅಂತಲೇ ಅಲ್-ಅನಾನ್ ಮೀಟಿಂಗ್ ಬೇರೆ ಇದೆಯಂತೆ. ಹೆಂಡತಿ ಇನ್ನೂ ಯೋಚಿಸುತ್ತಿದ್ದಾಳೆ. ನನಗೆ ಇವತ್ತಿಗೆ 19 ದಿನ.